ಹತ್ತು ಹನ್ನೆರಡರ ಕೋಣೆಯಲ್ಲಿ ತಂಬೂರ

ಫ್ಲ್ಯಾಟಿನ ಪುಟ್ಟ ಕೋಣೆಯಲ್ಲಿ ಶಾಸ್ತ್ರೀಯ ಸಂಗೀತ ಕೇಳಲು ಎಂಥ ಸ್ಪೀಕರು ಬೇಕು ಎಂಬ ಲೆಕ್ಕವನ್ನು ಸ್ವರಗಳಿಂದಲೇ ಶುರುಮಾಡೋಣ. ವೀಣೆಯ ನಾಲ್ಕನೇ ತಂತಿ ಅನುಮಂದ್ರ ಪಂಚಮ, ಅದರ ಅತಿ ತಗ್ಗಿನ ಸ್ವರ. ಕಟ್ಟೈ ಎಂದರೆ ಶ್ರುತಿಯ ಎತ್ತರ ಹೇಳುವ ಅಳತೆ. ಮೂರು ಕಟ್ಟೈ ಶ್ರುತಿ ಕೂಡಿಸಿದ ವೀಣೆಯಲ್ಲಿ ಆ ತಂತಿಯನ್ನು ಬೆರಳಿಡದೆ ಮೀಟಿದರೆ ಸೆಕೆಂಡಿಗೆ ಸುಮಾರು 62 ಸಲ ಕಂಪಿಸುತ್ತದೆ, ಅಂದರೆ 62 ಹರ್ಟ್ಜ್. ಒಂದೂವರೆ ಕಟ್ಟೈಗೆ, ಯಕ್ಷಗಾನದವರ ಮಾತಲ್ಲಿ ಕಪ್ಪು ಒಂದಕ್ಕೆ, ಹಾಡುವ ಗಂಡಸಿನ ತಂಬೂರದ ಮಂದ್ರ ಷಡ್ಜ, ಅಂದರೆ ಕೆಳಸ್ಥಾಯಿಯ ಸ, 69 ಹರ್ಟ್ಜ್. ಐದು ಕಟ್ಟೈಯ ಗಾಯಕಿಗಾದರೆ ಅದೇ ತಂತಿ 98 ಹರ್ಟ್ಜ್. ಮೃದಂಗದ ಎಡಮುಚ್ಚಿಗೆಯ ಮೇಲೆ ಕೈ ಒತ್ತಿ ಜಾರಿಸುವ ಗುಮ್ಕಿಯೂ ಹೆಚ್ಚುಕಡಿಮೆ ಈ ವಲಯದಲ್ಲೇ ಓಡಾಡುತ್ತದೆ. ಕರ್ನಾಟಕ ಸಂಗೀತದ ಕಛೇರಿಯೊಂದನ್ನು ಮನೆಯಲ್ಲಿ ಕೇಳಲು ಸ್ಪೀಕರು ಎಷ್ಟು ಕೆಳಕ್ಕೆ ಇಳಿಯಬೇಕು ಎಂಬ ಪ್ರಶ್ನೆಗೆ ಉತ್ತರ ಇಷ್ಟರಲ್ಲೇ ಇದೆ: 60 ಹರ್ಟ್ಜ್‌ನಿಂದ ಮೇಲಕ್ಕೆ ಪ್ರಾಮಾಣಿಕವಾಗಿ ನುಡಿದರೆ ಸಾಕು. ಪಾಶ್ಚಾತ್ಯ ಸಂಗೀತವೂ ಬೇಕೆನ್ನುವವರ ಲೆಕ್ಕ ಸ್ವಲ್ಪ ಬೇರೆ. ಚೆಲ್ಲೊದ ಕೆಳತಂತಿ 65ಕ್ಕೆ ನಿಲ್ಲುತ್ತದೆ, ಆದರೆ ಡಬಲ್ ಬೇಸ್ 41ಕ್ಕೆ, ಪಿಯಾನೊದ ಕಟ್ಟಕಡೆಯ ಮನೆ 27.5ಕ್ಕೆ ಇಳಿಯುತ್ತದೆ.

ಅಂಗಡಿಯಲ್ಲಿ ಮೊದಲು ತೋರಿಸುವುದು ಮಾತ್ರ ಟವರ್ ಸ್ಪೀಕರನ್ನು. ತಗ್ಗುಸ್ವರ ನುಡಿಸುವ ವೂಫರು ಎರಡು, ಮೂರೂವರೆ ಅಡಿ ಎತ್ತರ, ನೋಡಲಿಕ್ಕೂ ಚಂದ. ಮಂಗಳೂರು, ಉಡುಪಿ, ಮಣಿಪಾಲದ ಫ್ಲ್ಯಾಟುಗಳಲ್ಲಿ ಸಂಗೀತಕ್ಕೆಂದು ಸಿಗುವುದು ಹೆಚ್ಚಾಗಿ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಮಲಗುವ ಕೋಣೆ. ಅಂಥ ಕೋಣೆಗೆ ಆ ಟವರ್ ತಂದಿಟ್ಟರೆ ಮೃದಂಗ ಮೃದಂಗವಾಗಿ ಉಳಿಯುವುದಿಲ್ಲ, ನೀರಿನ ಡ್ರಮ್ಮಾಗುತ್ತದೆ. ತಪ್ಪು ಸ್ಪೀಕರಿನದ್ದಲ್ಲ, ಕೋಣೆಯದ್ದು.

ಹಂಚಿನ ಮನೆಯ ಚಾವಡಿಯಲ್ಲಿ ಈ ತೊಂದರೆ ಇಷ್ಟಿರಲಿಲ್ಲ. ಗೋಡೆ ಮುರಕಲ್ಲಿನದ್ದಾದರೂ ಮೇಲೆ ಹಂಚು, ರೀಪು, ಸಂದುಗಳು. ತಗ್ಗಿನ ಸ್ವರಗಳು ಮಾಡಿನ ಮೂಲಕ ಹೊರಗೆ ಹೋಗಿಬಿಡುತ್ತಿದ್ದವು. ಫ್ಲ್ಯಾಟು ಆರೂ ಕಡೆ ಕಾಂಕ್ರೀಟು ಮತ್ತು ವಿಟ್ರಿಫೈಡ್ ಟೈಲ್ಸಿನ ಪೆಟ್ಟಿಗೆ. ಒಳಗೆ ಹುಟ್ಟಿದ ತಗ್ಗುಸ್ವರ ಒಳಗೇ ಅಲೆದಾಡುತ್ತದೆ. ಹೀಗೆ ಪ್ರತಿ ಕೋಣೆಗೂ ತನ್ನದೇ ಆದ ಸ್ವರಗಳಿರುತ್ತವೆ. ನಮ್ಮ ಸೆಕೆಯಲ್ಲಿ, 30 ಡಿಗ್ರಿ ಉಷ್ಣತೆಗೆ, ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರ್, ಅಂದರೆ 1,145 ಅಡಿ. ಅದರ ಅರ್ಧ 572ನ್ನು ಕೋಣೆಯ ಅಳತೆಯಿಂದ ಭಾಗಿಸಿದರೆ ಕೋಣೆ ಉಬ್ಬಿಸುವ ಮೊದಲ ಸ್ವರ ಸಿಗುತ್ತದೆ. ಹನ್ನೆರಡು ಅಡಿ ಉದ್ದಕ್ಕೆ 48 ಹರ್ಟ್ಜ್, ಹತ್ತು ಅಡಿ ಅಗಲಕ್ಕೆ 57, ಒಂಬತ್ತೂವರೆ ಅಡಿ ಎತ್ತರಕ್ಕೆ 60. ಇವುಗಳ ಇಮ್ಮಡಿಗಳೂ ಲೆಕ್ಕಕ್ಕೆ ಬರುತ್ತವೆ: 95, 114, 120. ಅಗಲವೂ ಎತ್ತರವೂ ಹೆಚ್ಚುಕಡಿಮೆ ಒಂದೇ ಆದ್ದರಿಂದ 57 ಮತ್ತು 60 ಒಂದರ ಮೇಲೊಂದು ಕೂತುಕೊಳ್ಳುತ್ತವೆ. ನಮ್ಮ ಫ್ಲ್ಯಾಟುಗಳ ಸಾಮಾನ್ಯ ರೋಗ ಇದೇ. ಹತ್ತಕ್ಕೆ ಹತ್ತರ ಕೋಣೆಯಾದರೆ ಮೂರೂ ಅಳತೆಗಳು ಒಂದೇ ಕಡೆ ಗುಂಪುಗೂಡುತ್ತವೆ. ಆಯ್ಕೆ ಇದ್ದರೆ ಅಂಥ ಕೋಣೆಯನ್ನು ಬಿಟ್ಟು, ಎರಡು ಕಡೆ ಬಾಯಿ ತೆರೆದಿರುವ ಹಾಲನ್ನೇ ಆರಿಸುವುದು ಮೇಲು.

ಸ್ಪೀಕರಿಗೆ ಹಣ ಕೊಡುವ ಮೊದಲು ಒಂದು ಪರೀಕ್ಷೆ ಮಾಡಬಹುದು. ಯಾರಿಂದಲಾದರೂ ಎರವಲು ತಂದ ಸಾಧಾರಣ ಸ್ಪೀಕರು ಸಾಕು, 60 ಹರ್ಟ್ಜ್‌ವರೆಗೆ ಇಳಿಯುವಂಥದ್ದಾಗಿರಬೇಕು ಅಷ್ಟೆ. ಮೊಬೈಲಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು ಒಂದೊಂದು ಶ್ರುತಿಯ ಮಂದ್ರ ಷಡ್ಜವನ್ನು ಸಣ್ಣ ದನಿಯಲ್ಲಿ ನುಡಿಸಿ: ಒಂದು ಕಟ್ಟೈಗೆ 65, ಒಂದೂವರೆಗೆ 69, ಎರಡಕ್ಕೆ 73, ಎರಡೂವರೆಗೆ 78, ಮೂರಕ್ಕೆ 82, ನಾಲ್ಕಕ್ಕೆ 87, ನಾಲ್ಕೂವರೆಗೆ 92, ಐದಕ್ಕೆ 98, ಐದೂವರೆಗೆ 104. ಕೂರುವ ಜಾಗದಲ್ಲಿ ಕೂತು ಯಾವುದು ಉಬ್ಬುತ್ತದೆ, ಯಾವುದು ಮಾಯವಾಗುತ್ತದೆ ಎಂದು ಬರೆದಿಡಿ. ಎಲೆಕ್ಟ್ರಾನಿಕ್ ತಂಬೂರ ಇದಕ್ಕೆ ಒದಗುವುದಿಲ್ಲ. ತಂಬೂರದ ನಾದದಲ್ಲಿ ಮೂಲಸ್ವರಕ್ಕಿಂತ ಮೇಲಿನ ಸ್ವರಾಂಶಗಳದ್ದೇ ಮೇಲುಗೈ, ತಂತಿಯಡಿ ಜೀವಾಳದ ನೂಲೆಳೆ ಇಡುವುದೇ ಅದಕ್ಕಾಗಿ. ಹನ್ನೆರಡು ಅಡಿ ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕೂವರೆಗೂ ಐದಕ್ಕೂ ನಡುವೆ ಒಂದು ಉಬ್ಬು ಸಿಗುತ್ತದೆ. ಉದ್ದದ ಎರಡನೇ ಸ್ವರ 95 ಅಲ್ಲೇ ಇರುವುದು. ಒಬ್ಬ ಗಾಯಕಿಯ ಧ್ವನಿಮುದ್ರಿಕೆ ಸೊಗಸಾಗಿ ಕೇಳಿ, ಅರ್ಧ ಕಟ್ಟೈ ಬೇರೆಯಾದ ಇನ್ನೊಬ್ಬರದು ಗುಂಯ್‌ಗುಡುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಇಷ್ಟು ತಿಳಿದ ಮೇಲೆ ಆಯ್ಕೆ ತಾನಾಗಿ ಕಿರಿದಾಗುತ್ತದೆ. ಹತ್ತು ಹನ್ನೆರಡರ ಕೋಣೆಗೆ ಐದು ಇಂಚು ಅಥವಾ ಐದೂಕಾಲು ಇಂಚಿನ ಒಂದು ವೂಫರು, ಮೇಲಿನ ಸ್ವರಗಳಿಗೆ ಒಂದು ಟ್ವೀಟರು ಇರುವ ಬುಕ್‌ಶೆಲ್ಫ್ ಸ್ಪೀಕರು. ಸಿಕ್ಕಿದರೆ ಪೋರ್ಟು, ಅಂದರೆ ಗಾಳಿಯಾಡುವ ತೂತು, ಇಲ್ಲದ ಮುಚ್ಚುಪೆಟ್ಟಿಗೆಯದ್ದೇ ಇರಲಿ. ಮುಚ್ಚುಪೆಟ್ಟಿಗೆಯ ತಗ್ಗುಸ್ವರ ಒಂದು ಸ್ಥಾಯಿಗೆ (ಆಕ್ಟೇವಿಗೆ) 12 ಡೆಸಿಬೆಲ್‌ನಂತೆ ಮೆಲ್ಲಗೆ ಇಳಿಯುತ್ತದೆ, ಪುಟ್ಟ ಕೋಣೆಯ ಗೋಡೆಗಳು ಕೊಡುವ ಬಲದಿಂದ ಆ ಇಳಿತ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಪೋರ್ಟಿನ ಪೆಟ್ಟಿಗೆ ಒಂದು ಮಟ್ಟದವರೆಗೆ ಜೋರಾಗಿ ನುಡಿದು, ಆಮೇಲೆ 24 ಡೆಸಿಬೆಲ್‌ನಂತೆ ಧಡಕ್ಕನೆ ಬೀಳುತ್ತದೆ. ಪೋರ್ಟನ್ನು 50ರಿಂದ 60 ಹರ್ಟ್ಜ್‌ನ ಸುತ್ತ ಕೂಡಿಸಿದ್ದರೆ ಅದೂ ಕೋಣೆಯ 57, 60ಕ್ಕೆ ಹೋಗಿ ಸೇರುತ್ತದೆ. ಗುಮ್ಕಿಯ ಜಾರುವಿಕೆ ಕಿವಿಗೆ ಬರಬೇಕಾದರೆ ಒಂದು ಪೆಟ್ಟಿನ ನಾದ ಮುಗಿದು ಮುಂದಿನದು ಹುಟ್ಟಬೇಕು. ಇಲ್ಲಿ ಎಲ್ಲವೂ ಒಂದೇ ಗುಮ್ಮಾಗಿ ಕರಗುತ್ತದೆ. ಕೊಂಡದ್ದು ಪೋರ್ಟಿನದ್ದೇ ಆಗಿದ್ದರೆ ಬೇಸರ ಬೇಡ. ಕೆಲವು ಕಂಪನಿಗಳು ಜೊತೆಗೆ ಫೋಮಿನ ಬಿರಟೆ ಕೊಡುತ್ತವೆ, ಇಲ್ಲವಾದರೆ ಸ್ಪಂಜನ್ನು ಸುರುಳಿ ಸುತ್ತಿ ತುರುಕಿ ಕೇಳಿ ನೋಡಿ.

ಕರಪತ್ರದಲ್ಲಿ ಬರೆದ ತಗ್ಗಿನ ಅಂಕಿಯ ಪಕ್ಕ ಏನಿದೆ ಎಂಬುದನ್ನು ಓದಬೇಕು. ‘45 ಹರ್ಟ್ಜ್, ಮೈನಸ್ 3 ಡೆಸಿಬೆಲ್’ ಬೇರೆ, ‘45 ಹರ್ಟ್ಜ್, ಮೈನಸ್ 10 ಡೆಸಿಬೆಲ್’ ಬೇರೆ. ಮೈನಸ್ ಎಂದರೆ ಆ ಸ್ವರದಲ್ಲಿ ದನಿ ಎಷ್ಟು ತಗ್ಗಿದೆ ಎಂಬ ಅಳತೆ; ಎರಡನೆಯದು 60ರ ಹೊತ್ತಿಗೇ ಸೊರಗಿರಬಹುದು. ಪಕ್ಕದಲ್ಲಿ ಏನೂ ಬರೆದಿಲ್ಲವೆಂದರೆ ಆ ಅಂಕಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ನಮ್ಮ ಸಂಗೀತಕ್ಕೆ ತಗ್ಗುಸ್ವರಕ್ಕಿಂತ ದೊಡ್ಡ ಪರೀಕ್ಷೆ ನಡುಸ್ವರದ್ದು. ವೂಫರು, ಟ್ವೀಟರು ಎಂಬ ಎರಡು ಡ್ರೈವರಿನ ಸ್ಪೀಕರಿನಲ್ಲಿ ಸಾಮಾನ್ಯವಾಗಿ 2,000ದಿಂದ 3,000 ಹರ್ಟ್ಜ್ ನಡುವೆ ವೂಫರು ಕೆಲಸವನ್ನು ಟ್ವೀಟರಿಗೆ ಒಪ್ಪಿಸುತ್ತದೆ. ಪಿಟೀಲಿನ ಕಮಾನಿನ ಮೊನಚು, ‘ಸ’ಕಾರ ‘ಶ’ಕಾರಗಳ ಬುಡ, ತಂಬೂರದ ಜೀವಾಳ, ಮೃದಂಗದ ಚಾಪುವಿನ ಹೊಳಪು ಎಲ್ಲವೂ ಆ ಹೊಸಿಲನ್ನು ದಾಟಿಯೇ ಹೋಗಬೇಕು. ಆರೂವರೆ ಇಂಚಿನ ವೂಫರು ಅಷ್ಟು ಎತ್ತರಕ್ಕೆ ಹೋಗುವಾಗ ಧ್ವನಿ ಟಾರ್ಚಿನ ಬೆಳಕಿನಂತೆ ನೇರಕ್ಕೆ ಮಾತ್ರ ಹರಿಯುತ್ತದೆ. ತಟ್ಟನೆ ಟ್ವೀಟರು ಬಂದಾಗ ಎಲ್ಲ ಕಡೆಗೂ ಚೆಲ್ಲುತ್ತದೆ. ಬೋಳುಗೋಡೆಯ ಕೋಣೆಯಲ್ಲಿ ನಾವು ಗೋಡೆಯಿಂದ ಬಂದದ್ದನ್ನೂ ಕೇಳುವುದರಿಂದ ಪಿಟೀಲು ಒಂದು ಮಟ್ಟದಲ್ಲಿ ಮರದ್ದು, ಇನ್ನೊಂದು ಮಟ್ಟದಲ್ಲಿ ತಗಡಿನದ್ದು ಎನ್ನಿಸುತ್ತದೆ. ಐದಿಂಚಿನ ವೂಫರನ್ನು ಹೇಳುವುದು ಈ ಕಾರಣಕ್ಕೂ ಹೌದು.

ಕೂರುವ ರೀತಿಯೂ ಇಲ್ಲಿ ಬರುತ್ತದೆ. ನಮ್ಮಲ್ಲಿ ಸಂಗೀತವನ್ನು ಚಾಪೆಯ ಮೇಲೆ ಕೂತು ಕೇಳುವವರು ಇನ್ನೂ ಇದ್ದಾರೆ, ಅದು ಒಳ್ಳೆಯದೇ. ಒಂದರ ಮೇಲೊಂದು ಡ್ರೈವರಿರುವ ಸ್ಪೀಕರಿನಲ್ಲಿ ಕಿವಿ ಟ್ವೀಟರಿನ ಮಟ್ಟಕ್ಕಿಂತ ತೀರ ಕೆಳಗಿದ್ದರೆ ಎರಡೂ ಡ್ರೈವರುಗಳ ಧ್ವನಿ ಬೇರೆ ಬೇರೆ ಹೊತ್ತಿಗೆ ತಲುಪಿ ಆ ಹೊಸಿಲಿನಲ್ಲೇ ಒಂದು ಗುಂಡಿ ಬೀಳುತ್ತದೆ. ಗಾಯಕರು ಹಿಂದಕ್ಕೆ ಸರಿದಂತೆ ಕೇಳುತ್ತದೆ. ಒಬ್ಬರು ಕುರ್ಚಿಯಲ್ಲಿ, ಒಬ್ಬರು ನೆಲದಲ್ಲಿ ಕೂರುವ ಮನೆಯಾದರೆ ವೂಫರಿನ ನಡುವಿನಲ್ಲೇ ಟ್ವೀಟರು ಇರುವ ಕೊಆಕ್ಸಿಯಲ್ ವಿನ್ಯಾಸ ಹೆಚ್ಚು ಕ್ಷಮಾಗುಣದ್ದು. ಬ್ರಿಟನ್ನಿನ ಕೆಇಎಫ್ ಕಂಪನಿ 2012ರಲ್ಲಿ ತಂದ ಎಲ್‌ಎಸ್50 ಈ ಬಗೆಯದು. ಅದಕ್ಕೆ ಸ್ಫೂರ್ತಿಯಾದದ್ದು ಬಿಬಿಸಿ 1970ರ ದಶಕದಲ್ಲಿ ತನ್ನ ಹೊರಾಂಗಣ ಪ್ರಸಾರದ ವಾಹನಗಳಿಗಾಗಿ ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಮುಚ್ಚುಪೆಟ್ಟಿಗೆ. ಮಾತು ಮಾತಿನಂತೆಯೇ ಕೇಳಬೇಕು ಎಂಬುದು ಅಲ್ಲಿ ಮುಖ್ಯವಾಗಿತ್ತು. ಅದಕ್ಕಾಗಿಯೇ ಹಾರ್ಬೆತ್, ಸ್ಪೆಂಡರ್‌ಗಳಂಥ ಆ ಪರಂಪರೆಯ ಸ್ಪೀಕರುಗಳಲ್ಲಿ ನಮ್ಮ ಹಾಡುಗಾರಿಕೆ ಇಷ್ಟು ಚೆನ್ನಾಗಿ ಕೂರುತ್ತದೆ. ರಾಗಾಲಾಪನೆಯೂ ಕೊನೆಗೆ ಮನುಷ್ಯಕಂಠವೇ ತಾನೆ.

ಆಂಪ್ಲಿಫೈಯರಿನ ವ್ಯಾಟುಗಳ ಬಗ್ಗೆ ಬೇಕಾದ್ದಕ್ಕಿಂತ ಹೆಚ್ಚು ಚಿಂತೆ ನಡೆಯುತ್ತದೆ. 86 ಡೆಸಿಬೆಲ್ ಸೆನ್ಸಿಟಿವಿಟಿಯ (ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಬರುವ ದನಿ) ಒಂದು ಜೊತೆ ಸ್ಪೀಕರು, ಐದು ಅಡಿ ದೂರದ ಕೇಳುಗ: ಒಂದೊಂದು ವ್ಯಾಟಿಗೇ ಸುಮಾರು 85 ಡೆಸಿಬೆಲ್ ಬರುತ್ತದೆ. ಮನೆಯಲ್ಲಿ ಕೇಳುವ ಸರಾಸರಿ 70ರಿಂದ 75. ಮೃದಂಗದ ತನಿಯಾವರ್ತನದ ಪೆಟ್ಟುಗಳಿಗೆ ಅದರ ಮೇಲೆ 20 ಡೆಸಿಬೆಲ್ ಬಿಟ್ಟರೂ ಹತ್ತು ವ್ಯಾಟಿನ ಆಸುಪಾಸಿನಲ್ಲಿ ಮುಗಿಯುತ್ತದೆ. 83 ಡೆಸಿಬೆಲ್‌ನ ಮಂದ ಸ್ಪೀಕರಿಗೆ ಇಪ್ಪತ್ತು ಬೇಕಾಗಬಹುದು. 40 ವ್ಯಾಟಿನ ಒಳ್ಳೆಯ ಆಂಪ್ಲಿಫೈಯರ್ ಧಾರಾಳ. ನೋಡಬೇಕಾದ್ದು ಸ್ಪೀಕರಿನ ಕನಿಷ್ಠ ಇಂಪಿಡೆನ್ಸ್ (ವಿದ್ಯುತ್ತಿಗೆ ಅದು ಒಡ್ಡುವ ತಡೆ) 4 ಓಮ್‌ಗಿಂತ ಕೆಳಗಿಳಿಯುತ್ತದೆಯೇ, ಇಳಿದರೆ ಆಂಪ್ಲಿಫೈಯರ್ ಅದನ್ನು ತಾಳಿಕೊಳ್ಳುತ್ತದೆಯೇ ಎಂಬುದನ್ನು. ತಂತಿಗೆ 2.5 ಚದರ ಮಿಲಿಮೀಟರಿನ ಬಹುಎಳೆ ತಾಮ್ರದ ವಯರು ಸಾಕು; ಐದು ಮೀಟರ್ ಉದ್ದಕ್ಕೆ ಹೋಗಿಬರುವ ಒಟ್ಟು ರೋಧ 0.1 ಓಮ್ ಕೂಡ ಆಗುವುದಿಲ್ಲ.

ಇನ್ನು ಕಡಲ ಗಾಳಿ. ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ಬರೆದ ಸಲಹೆಗಳಲ್ಲಿ ಇದು ಇರುವುದಿಲ್ಲ, ನಮ್ಮಲ್ಲಿ ಇದೇ ಅರ್ಧ ತೀರ್ಮಾನ ಮಾಡುತ್ತದೆ. ಮೊದಲು ನೋಡಬೇಕಾದ್ದು ವೂಫರಿನ ಸುತ್ತಲ ಅಂಚು. ಫೋಮಿನ ಅಂಚು ತೇವಕ್ಕೆ ಕೊಳೆತು, ಮುಟ್ಟಿದರೆ ಹಳೆಯ ಹಪ್ಪಳದಂತೆ ಉದುರುತ್ತದೆ. ಒಣ ಊರಿನಲ್ಲೇ ಅದಕ್ಕೆ ಹತ್ತು ಹದಿನೈದು ವರ್ಷದ ಆಯಸ್ಸು. ಮಲ್ಪೆ, ಪಣಂಬೂರು, ಉಳ್ಳಾಲದ ಕಡೆ ಅಷ್ಟನ್ನೂ ನಂಬುವಂತಿಲ್ಲ. ಬ್ಯುಟೈಲ್ ರಬ್ಬರಿನ ಅಂಚು ಬಾಳುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಜಾಲರಿ ತೆಗೆಸಿ ಬೆರಳಿನಿಂದ ಅಂಚನ್ನು ಮೆಲ್ಲಗೆ ಒತ್ತಿ ನೋಡಲೇಬೇಕು. ಬೆರಳಿಗೆ ಅಂಟಿದರೆ, ಕಪ್ಪು ಪುಡಿ ಬಂದರೆ ಬಿಟ್ಟುಬಿಡಿ. ಆಮೇಲೆ ಪೆಟ್ಟಿಗೆ. ಹೆಚ್ಚಿನವು ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ. ಹೊರಮೈಗೆ ವಿನೈಲ್ ಅಥವಾ ವೆನೀರ್ ಇದ್ದರೂ ಒಳಗಿನ ಕೊಯ್ದ ಅಂಚುಗಳು ಬೆತ್ತಲೆ: ಪೋರ್ಟಿನ ತೂತು, ಹಿಂದೆ ವಯರು ಸಿಕ್ಕಿಸುವ ಬಟ್ಟಲಿನ ಸುತ್ತ, ವೂಫರು ಕೂರುವ ಗುಂಡಿ. ನೀರು ಹೀರಿ ಮೊದಲು ಉಬ್ಬುವುದು ಅಲ್ಲಿ. ಉಬ್ಬಿದರೆ ಸ್ಕ್ರೂ ಹಿಡಿಯುವುದಿಲ್ಲ, ಸ್ಕ್ರೂ ಹಿಡಿಯದಿದ್ದರೆ ಗಾಳಿ ಸೋರುತ್ತದೆ, ಮುಚ್ಚುಪೆಟ್ಟಿಗೆಯ ಗುಣವೇ ಹೋಗುತ್ತದೆ. ವಾರಂಟಿ ಮುಗಿದ ಸ್ಪೀಕರಾದರೆ ಬೇಸಗೆಯ ಒಣದಿನಗಳಲ್ಲಿ ವೂಫರು ಬಿಚ್ಚಿ, ಈ ಅಂಚುಗಳಿಗೆಲ್ಲ ಪಾಲಿಯುರಿಥೇನ್ ವಾರ್ನಿಶ್ ಎರಡು ಕೋಟು ಹೊಡೆದು, ವಾಸನೆ ಪೂರ್ತಿ ಹೋಗುವವರೆಗೆ ಎರಡು ದಿನ ಒಣಗಿಸಿ ಮುಚ್ಚಬಹುದು. ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಯಬೇಕು. ಒಂದೇ ಕಡೆಯಿಂದ ಬಿಗಿಯುತ್ತ ಬಂದರೆ ವೂಫರಿನ ಚೌಕಟ್ಟು ಸೊಟ್ಟಗಾಗಿ ಒಳಗಿನ ತಂತಿಸುರುಳಿ (ಕಾಯಿಲು) ಉಜ್ಜತೊಡಗುತ್ತದೆ. ವಯರಿನ ತುದಿ ಹಸಿರುಗಟ್ಟುವುದು ಖಚಿತ. ಎರಡು ವರ್ಷಕ್ಕೊಮ್ಮೆ ಒಂದಿಂಚು ಕತ್ತರಿಸಿ ಹೊಸ ತಾಮ್ರ ತೆಗೆಯಿರಿ, ಇಲ್ಲವೇ ಮೊದಲೇ ತವರ ಲೇಪದ ವಯರು ಹಾಕಿ. ಪೋರ್ಟಿನೊಳಗೆ ಇರುವೆ, ಹಲ್ಲಿ, ಜಿರಲೆ ಮನೆ ಮಾಡುವುದೂ ನಮ್ಮ ಕಡೆ ಮಾಮೂಲು. ಊರಿಗೆ ಹೋಗುವಾಗ ಆ ಫೋಮಿನ ಬಿರಟೆ ಹಾಕಿ ಹೋಗುವುದು ಒಳ್ಳೆಯದು.

ಸ್ಟ್ಯಾಂಡನ್ನು ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು: ಮೂರಿಂಚಿನ ಚೌಕದ ಕಬ್ಬಿಣದ ಪೈಪು, ಕೆಳಗೆ 6 ಮಿಲಿಮೀಟರ್ ದಪ್ಪದ 10 ಇಂಚು 12 ಇಂಚಿನ ತಗಡು, ಮೇಲೆ ಸ್ಪೀಕರಿನ ತಳಕ್ಕಿಂತ ಚೂರು ಚಿಕ್ಕ ತಗಡು, ಒಳಗೂ ಹೊರಗೂ ರೆಡ್ ಆಕ್ಸೈಡ್ ಪ್ರೈಮರ್. ಎತ್ತರವನ್ನು ನಿಮ್ಮ ಕಿವಿಯಿಂದ ಅಳೆಯಿರಿ. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತವರ ಕಿವಿ ಸುಮಾರು 28ರಿಂದ 30 ಇಂಚು, ಕುರ್ಚಿಯಲ್ಲಾದರೆ 36ರಿಂದ 40. ತಳದಿಂದ ಟ್ವೀಟರಿಗೆ 9 ಇಂಚಿದ್ದರೆ ನೆಲದವರಿಗೆ 20 ಇಂಚಿನ ಸ್ಟ್ಯಾಂಡು. ಪೈಪು ಗಂಟೆಯಂತೆ ನುಡಿಯದಿರಲು ಮುಕ್ಕಾಲು ಭಾಗ ಮರಳು ತುಂಬಬೇಕು, ಒಂದಕ್ಕೆ ಸುಮಾರು ಮೂರೂವರೆ ಕಿಲೊ. ಕಡಲತೀರದ ಮರಳು ಮಾತ್ರ ಬೇಡವೇ ಬೇಡ. ಅದರ ಉಪ್ಪು ಒಳಗಿನಿಂದ ಪೈಪನ್ನು ತಿನ್ನುತ್ತದೆ. ಹೊಳೆಯ ಮರಳನ್ನು ತೊಳೆದು, ಬಾಣಲೆಯಲ್ಲಿ ಹುರಿದು, ಆರಿಸಿ ತುಂಬಿ.

ಇಡುವ ಜಾಗದಲ್ಲಿ ಅರ್ಧ ಅಡಿಗೂ ಬೆಲೆ ಇದೆ. ಸ್ಪೀಕರಿನ ಮುಖದಿಂದ ಹಿಂಗೋಡೆಗಿರುವ ದೂರದಿಂದ 286ನ್ನು ಭಾಗಿಸಿದರೆ ಗೋಡೆಗೆ ಬಡಿದು ಬಂದ ಅಲೆ ಯಾವ ಸ್ವರವನ್ನು ಅಳಿಸುತ್ತದೆ ಎಂದು ಗೊತ್ತಾಗುತ್ತದೆ. ಎರಡು ಅಡಿಗೆ 143 ಹರ್ಟ್ಜ್. ಒಂದೂವರೆ ಕಟ್ಟೈಯ ಮಧ್ಯ ಷಡ್ಜ 139! ಎಲ್ಲರೂ ಸಹಜವಾಗಿ ಇಡುವ ಎರಡಡಿಯ ಜಾಗದಲ್ಲೇ ಗಂಡುಧ್ವನಿಯ ಷಡ್ಜ ಬಡಕಲಾಗುವುದು ಹೀಗೆ. ಮುಖವನ್ನು ಮೂರು ಅಡಿಗೆ ತನ್ನಿ. ಅಳಿಯುವ ಸ್ವರ ಈಗ 95. ಅದು ಕೋಣೆಯ ಉದ್ದ ಹೇಗೂ ಉಬ್ಬಿಸುತ್ತಿದ್ದ ಸ್ವರ. ಸಾಲದ್ದಕ್ಕೆ ಮೂರಡಿ ಎಂದರೆ ಹನ್ನೆರಡರ ಕಾಲುಭಾಗ, ಆ ಬಿಂದುವಿನಲ್ಲಿ ನಿಂತ ಸ್ಪೀಕರು 95ನ್ನು ಕೆರಳಿಸುವುದೇ ಇಲ್ಲ. ಎರಡು ಸ್ಪೀಕರುಗಳ ನಡುವೆ ಐದು ಅಡಿ, ಪಕ್ಕದ ಗೋಡೆಗಳಿಗೆ ಎರಡೂವರೆ ಎರಡೂವರೆ, ಕೂರುವವರು ಸರಿಯಾಗಿ ನಡುವೆ: ಆಗ ಅಗಲದ 57 ಕೂಡ ತೆಪ್ಪಗಾಗುತ್ತದೆ. ಕೂರುವ ಜಾಗ ಬೆನ್ನಿನ ಗೋಡೆಯಿಂದ ನಾಲ್ಕೂವರೆ ಅಡಿ ಮುಂದಿರಲಿ. ಗೋಡೆಗೆ ಒರಗಿ ಕೂತರೆ ಎಲ್ಲ ತಗ್ಗುಸ್ವರಗಳೂ ಉಬ್ಬುತ್ತವೆ, ಕೋಣೆಯ ನಟ್ಟನಡುವೆ ಕೂತರೆ ಉದ್ದದ 48 ಮಾಯವಾಗಿ 95 ಉಬ್ಬುತ್ತದೆ.

ಇನ್ನುಳಿದದ್ದು ಚಪ್ಪಾಳೆಯ ಪ್ರತಿಧ್ವನಿ. 32 ಘನಮೀಟರಿನ ಈ ಕೋಣೆ ಬರಿದಾಗಿದ್ದಾಗ ನಾದ ಎರಡು ಸೆಕೆಂಡಿಗೂ ಮಿಕ್ಕಿ ಉಳಿಯಬಹುದು, ಬೇಕಾದದ್ದು 0.4ರಿಂದ 0.5. ಅದಕ್ಕೆ ಹನ್ನೆರಡು ಚದರ ಮೀಟರಿನಷ್ಟು ಹೀರುವ ಮೈ ಬೇಕು. ಹತ್ತಿಯ ಹಾಸಿಗೆ ಇರುವ ಮಂಚ, ತುಂಬಿದ ಪುಸ್ತಕದ ಕಪಾಟು, ದಪ್ಪ ಜಮಖಾನ ಸೇರಿ ಅರ್ಧ ದಾರಿ ಮುಗಿಸುತ್ತವೆ. ಉಳಿದದ್ದಕ್ಕೆ ನಾಲ್ಕಿಂಚು ದಪ್ಪದ ರಾಕ್‌ವೂಲ್ ಹಲಗೆಗಳು, ಎರಡಡಿ ನಾಲ್ಕಡಿಯವು, ನಾಲ್ಕು. ಗೆಳೆಯನೊಬ್ಬ ಪಕ್ಕದ ಗೋಡೆಗುಂಟ ಕನ್ನಡಿ ಸರಿಸುತ್ತ ಹೋಗಲಿ. ಕೂತ ನಿಮಗೆ ಎಲ್ಲಿ ಟ್ವೀಟರು ಕಾಣುತ್ತದೋ ಅಲ್ಲಿ ಒಂದು ಹಲಗೆ. ಗೋಡೆಗೆ ಅಂಟಿಸಬೇಡಿ, ಎರಡಿಂಚು ಬಿಟ್ಟು ತೂಗಿಸಿ. ಧ್ವನಿಗೂ ಒಳ್ಳೆಯದು, ಮಳೆಗಾಲದಲ್ಲಿ ಹಿಂದೆ ಬೂಷ್ಟು ಹಿಡಿಯುವುದೂ ತಪ್ಪುತ್ತದೆ. ಮೊಟ್ಟೆಯ ಟ್ರೇಗಳಿಂದ ಏನೂ ಆಗುವುದಿಲ್ಲ.

ಕೇಳಿ ಆರಿಸಲು ಬೆಂಗಳೂರಿಗೋ ಚೆನ್ನೈಗೋ ಹೋಗಬೇಕಾದರೆ ಪೆನ್‌ಡ್ರೈವಿನಲ್ಲಿ ನಿಮ್ಮ ಕಿವಿಗೆ ಪಳಗಿದ ಧ್ವನಿಮುದ್ರಣಗಳನ್ನೇ ಒಯ್ಯಿರಿ. ಮೊದಲು ಎರಡೂ ಸ್ಪೀಕರಿನಲ್ಲಿ ಒಂದೇ ಧ್ವನಿ ಬರುವ ಆಕಾಶವಾಣಿಯ ಹಳೆಯ ಮೋನೊ ಒಂದು: ಗಾಯಕರು ಎರಡೂ ಸ್ಪೀಕರುಗಳ ನಡುವೆ ಒಂದೇ ಬಿಂದುವಿನಲ್ಲಿ ನಿಲ್ಲಬೇಕು. ಹರಡಿಕೊಂಡರೆ ಆ ಜೊತೆಯ ಎರಡು ಸ್ಪೀಕರುಗಳು ಒಂದಕ್ಕೊಂದು ಹೊಂದಿಲ್ಲ. ಆಮೇಲೆ ಎಂ.ಡಿ. ರಾಮನಾಥನ್ ಅವರ ತಗ್ಗುಶ್ರುತಿಯ ವಿಳಂಬ ಕೃತಿ. ಎದೆಯ ಗುಂಗು ಬರಬೇಕು, ಆದರೆ ಸಾಹಿತ್ಯದ ಅಕ್ಷರಗಳು ಅದರಡಿ ಮುಳುಗಬಾರದು. ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಮೀಟಿದ ಮೇಲಿನ ಗಮಕ ಕೊನೆಯವರೆಗೆ ಕೇಳುತ್ತದೆಯೇ ನೋಡಿ. ನಮ್ಮ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನು ತಾರಸ್ಥಾಯಿಯಲ್ಲಿ ನಿಂತಾಗ ಕಿವಿ ಮುಚ್ಚಬೇಕೆನಿಸಿದರೆ ಆ ಟ್ವೀಟರು ಬೇಡ. ಎರಡು ಸ್ಪೀಕರುಗಳನ್ನು ಹೋಲಿಸುವಾಗ ಮೊಬೈಲಿನ ಮೀಟರಿಟ್ಟು ಒಂದೇ ದನಿಗೆ ತರಬೇಕು. ಒಂದೆರಡು ಡೆಸಿಬೆಲ್ ಜೋರಿರುವುದು ಯಾವಾಗಲೂ ಚಂದವೆಂದೇ ಅನ್ನಿಸುತ್ತದೆ. ಕೊನೆಗೆ ದನಿಯನ್ನು ತೀರ ಇಳಿಸಿ. ಎದುರಿಗೆ ಕೂತು ನುಡಿಸಿದ ವೀಣೆ ಎಷ್ಟು ಮೆಲ್ಲಗಿರುತ್ತದೆಂದು ಕೇಳಿದವರಿಗೆ ಗೊತ್ತು. ಆ ಮಟ್ಟದಲ್ಲಿ ಜೀವ ಕಳೆದುಕೊಳ್ಳುವ ಸ್ಪೀಕರು ಶಾಸ್ತ್ರೀಯ ಸಂಗೀತಕ್ಕೆ ತಕ್ಕುದಲ್ಲ, ಬೆಲೆ ಎಷ್ಟೇ ಇರಲಿ.

ಇಷ್ಟಾದ ಮೇಲೂ 60ರ ಉಬ್ಬು ಉಳಿದರೆ ಕೋಣೆಯ ಉಬ್ಬುತಗ್ಗು ಅಳೆಯಲು ರೂಮ್ ಇಕ್ಯು ವಿಜಾರ್ಡ್ ಎಂಬ ಉಚಿತ ತಂತ್ರಾಂಶವಿದೆ. ಅಳತೆಯ ಯುಎಸ್‌ಬಿ ಮೈಕು ಒಂದು ಬೇಕು. ಈ ಕೋಣೆಯಲ್ಲಿ ಸುಮಾರು 230 ಹರ್ಟ್ಜ್‌ನ ಕೆಳಗೆ ಕೋಣೆಯದೇ ರಾಜ್ಯ. ಬೇಕಾದ ಸ್ವರವನ್ನಷ್ಟೇ ಏರಿಸಿ ಇಳಿಸುವ ಪ್ಯಾರಾಮೆಟ್ರಿಕ್ ಈಕ್ವಲೈಸರಿನಿಂದ ಆ ಭಾಗದ ಉಬ್ಬುಗಳನ್ನು ಮಾತ್ರ ತಗ್ಗಿಸಿ. ಗುಂಡಿಗಳನ್ನು ತುಂಬಲು ಹೋಗಬೇಡಿ: ಎಷ್ಟು ಸುರಿದರೂ ಗೋಡೆಯ ಅಲೆ ಅಷ್ಟನ್ನೂ ಅಳಿಸುತ್ತದೆ, ವೂಫರಿಗೆ ದಣಿವು ಮಾತ್ರ. ಸಬ್‌ವೂಫರು ಪಾಶ್ಚಾತ್ಯ ಆರ್ಕೆಸ್ಟ್ರಾ, ಆರ್ಗನ್ ಕೇಳುವವರಿಗಷ್ಟೇ. 30 ಹರ್ಟ್ಜ್ ಸ್ಲ್ಯಾಬಿನ ಮೂಲಕ ಕೆಳಮನೆಯವರ ಮಂಚದವರೆಗೂ ಹೋಗುತ್ತದೆ. ಸ್ಟ್ಯಾಂಡಿನಡಿ ಮೊಳೆಯ ಬದಲು ರಬ್ಬರ್ ಪ್ಯಾಡು ಇಟ್ಟರೆ ಟೈಲ್ಸೂ ಉಳಿಯುತ್ತದೆ, ನೆರೆಯವರ ಸ್ನೇಹವೂ ಉಳಿಯುತ್ತದೆ.

ಏಪ್ರಿಲ್ ಮೇ ತಿಂಗಳಲ್ಲೂ ಅಕ್ಟೋಬರಿನಲ್ಲೂ ಸಂಜೆ ಸಿಡಿಲಿನ ಸೂಚನೆ ಕಂಡರೆ ಪ್ಲಗ್ಗನ್ನು ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ಸ್ಟ್ರೀಮರಿಗೆ ಬರುವ ಇಂಟರ್ನೆಟ್ ವಯರನ್ನೂ ಬಿಚ್ಚಿ. ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಆಂಪ್ಲಿಫೈಯರ್ ಓಡಿಸಿದರೆ ಟ್ರಾನ್ಸ್‌ಫಾರ್ಮರು ಗೊರಗುಟ್ಟುತ್ತದೆ, ಸೈನ್ ವೇವ್‌ನದ್ದೇ ಬೇಕು. ಆಷಾಢದ ಮಳೆ ಬಾಲ್ಕನಿಯ ಶೀಟಿನ ಮೇಲೆ ಸುರಿಯುವ ಹೊತ್ತಿನಲ್ಲಿ ಆಲಾಪನೆಯ ಮೆಲುದನಿ ಕೇಳುವುದಿಲ್ಲವೆಂದು ಎಷ್ಟೋ ಮನೆಗಳಲ್ಲಿ ಎರಡು ಮೂರು ತಿಂಗಳು ಆಂಪ್ಲಿಫೈಯರನ್ನು ಮುಟ್ಟುವುದೇ ಇಲ್ಲ. ಹಾಗೆ ಬಿಡಬೇಡಿ. ವಾರಕ್ಕೆ ಎರಡು ಸಲವಾದರೂ ಒಂದೊಂದು ಗಂಟೆ ಹಾಕಿಡಿ. ಒಳಗಿನ ಬಿಸಿಗೆ ತೇವ ಆರುತ್ತದೆ, ವಾಲ್ಯೂಮಿನ ತಿರುಗಣೆ ಕರಕರ ಎನ್ನುವುದಿಲ್ಲ. ಮಳೆ ಹೊಯ್ಯುವಾಗ ತನಿಯಾವರ್ತನ ಹಾಕಿ. ಆಲಾಪನೆಯನ್ನು ಬೆಳಗಿನ ಜಾವ ಮಳೆ ಒಂದಿಷ್ಟು ಹೊತ್ತು ಬಿಡುವು ಕೊಟ್ಟಾಗ, ಫ್ಯಾನು ನಿಲ್ಲಿಸಿ ಕೇಳಿ.